ಕೆಂಚಿಯ ಕಂಬಳಿ

ಹೋದ ತಿಂಗಳು ಕುರಿಗಳಿಗೆ ಲಸಿಕೆ ಹಾಕುವ ಕೆಲಸಕ್ಕೆಂದು ಶ್ರೀರಾಂಪುರಕ್ಕೆ ಹೋಗಿದ್ದೆ. ಕೆಲಸ ಮುಗಿಸಿ ಹೊಳಲ್ಕೆರೆಯ ಬಸ್ಸಿಗೆ ಕಾಯುತ್ತಿದ್ದಾಗ ಜಡಿಮಳೆ ಹಿಡಿಯಿತು. ನಿಲ್ದಾಣದ ಪಕ್ಕದ ಟೀ ಅಂಗಡಿಯ ತಗಡಿನ ಕೆಳಗೆ ನಿಂತೆ. ಸ್ವಲ್ಪ ಹೊತ್ತಿಗೆ ಒಬ್ಬ ಕುರಿಯವನು ಬಂದು ನನ್ನ ಮಗ್ಗುಲಿಗೇ ನಿಂತ. ಅವನ ಹೆಗಲ ಮೇಲಿನ ಕಂಬಳಿ ನೆನೆದು ನೀರು ತೊಟ್ಟಿಕ್ಕುತ್ತಿತ್ತು. ಕುರಿ, ಸೌದೆ ಹೊಗೆ, ಹಳೆಯ ಬೆವರು, ತಳದಲ್ಲೆಲ್ಲೋ ಕಂಬಳಿ ಬಿಗಿಯಾಗಲೆಂದು ಬಳಿಯುವ ಹುಣಸೆ ಬೀಜದ ಗಂಜಿ, ಎಲ್ಲ ಸೇರಿದ ವಾಸನೆ ಮೂಗಿಗೆ ಬಡಿಯಿತು. ಟೀ ಲೋಟ ಕೈಯಲ್ಲೇ ಉಳಿಯಿತು.

"ದೂರ ನಿಂತ್ಕಳ್ಲಾ ಸಾರ್? ವಾಸನೆ ಬರ್ತೈತೇನೋ" ಎಂದು ಅವನು ಸಂಕೋಚದಿಂದ ಕೇಳಿದ.

"ಬ್ಯಾಡಪ್ಪ, ಇಲ್ಲೇ ನಿಂತ್ಕೋ" ಎಂದೆ.

ಬಸ್ಸು ಬಂತು, ಹೋಯಿತು. ನಾನು ಹತ್ತಲಿಲ್ಲ.

ಹತ್ತು ವರ್ಷದ ಹಿಂದೆ ನಾನು ಇದೇ ಊರಿನ ಪಶು ಆಸ್ಪತ್ರೆಯಲ್ಲಿದ್ದೆ. ಡಾಕ್ಟರಲ್ಲ, ಡಾಕ್ಟರ ಕೈಕೆಳಗಿನ ಪಶು ಪರೀಕ್ಷಕ. ಆದರೆ ಡಾಕ್ಟರು ವಾರಕ್ಕೆರಡು ದಿನ ಹೊಸದುರ್ಗದಿಂದ ಬಂದು ಹೋಗುವವರು. ಬೈಕಿಗೆ ಪೆಟ್ಟಿಗೆ ಕಟ್ಟಿಕೊಂಡು ಹಟ್ಟಿ ಹಟ್ಟಿ ಸುತ್ತುವವನು ನಾನು. ಹಾಗಾಗಿ ಜನರ ಬಾಯಲ್ಲಿ ನಾನೇ ಡಾಕ್ಟ್ರು. ಅದನ್ನು ತಿದ್ದುವುದಕ್ಕೆ ನಾನೂ ಹೋಗಲಿಲ್ಲ. ನನಗೆ ಅನುಕೂಲವಾದ ತಪ್ಪನ್ನು ಸುಮ್ಮನೆ ಇರಲು ಬಿಡುವ ಗುಣ ನನ್ನಲ್ಲಿ ಮೊದಲಿಂದಲೂ ಇದೆ, ಈ ಕತೆಯೆಲ್ಲ ಅದರದ್ದೇ.

ನನ್ನ ಹೆಂಡತಿ ವನಜ ಹೊಳಲ್ಕೆರೆಯವಳು. ಆಗ ನಮ್ಮ ಮದುವೆಯಾಗಿ ಹದಿನಾಲ್ಕು ವರ್ಷ. ದಾವಣಗೆರೆಯ ಆಸ್ಪತ್ರೆಗಳು, ಹಾಲುರಾಮೇಶ್ವರದ ಹರಕೆ, ಅವರಿವರು ಹೇಳಿದ ಕಷಾಯ, ಎಲ್ಲ ಮುಗಿದಿತ್ತು. ಮಕ್ಕಳ ಮಾತನ್ನು ಮನೆಯಲ್ಲಿ ಎತ್ತುವುದನ್ನೇ ಬಿಟ್ಟಿದ್ದೆವು. ವನಜ ಅಟ್ಟದಲ್ಲಿಟ್ಟಿದ್ದ ತೊಟ್ಟಿಲನ್ನು ತಮ್ಮನ ಮನೆಗೆ ಕಳಿಸಿ, ಆ ಜಾಗದಲ್ಲಿ ಉಪ್ಪಿನಕಾಯಿ ಜಾಡಿಗಳನ್ನು ಸಾಲಾಗಿ ಇಟ್ಟಿದ್ದಳು. ಇಬ್ಬರೇ ಇರುವುದಕ್ಕೆ ಅವಳು ಕಷ್ಟಪಟ್ಟು ಒಗ್ಗಿಕೊಂಡಿದ್ದಳು ಎಂಬುದು ನನಗೆ ಆಮೇಲೆ ತಿಳಿಯಿತು.

ಆ ವರ್ಷ ಆಷಾಢದಲ್ಲಿ, ಇಂಥದೇ ಜಡಿಮಳೆಯ ಬೆಳಿಗ್ಗೆ, ಊರಾಚೆಯ ರಸ್ತೆಯಲ್ಲಿ ಲಾರಿಯೊಂದು ಕುರಿಹಿಂಡಿಗೆ ನುಗ್ಗಿತು. ಕುರಿ ಹೊಡೆದುಕೊಂಡು ಹೋಗುತ್ತಿದ್ದ ತಿಮ್ಮಯ್ಯನ ತೊಡೆಮೂಳೆ ಮುರಿಯಿತು. ಅವನನ್ನು ಚಿತ್ರದುರ್ಗದ ಆಸ್ಪತ್ರೆಗೆ ಸಾಗಿಸಿದ ಮೇಲೆ ಗಾಯಗೊಂಡ ಕುರಿಗಳನ್ನು ನೋಡಲು ನನಗೆ ಹೇಳಿ ಕಳಿಸಿದರು. ಹೋಗಿ ನೋಡಿದರೆ ಹಿಂಡಿನ ನಡುವೆ, ಕಂಬಳಿಯ ಕೊಪ್ಪೆಯೊಳಗೆ, ಆರು ವರ್ಷದ ಒಬ್ಬ ಹುಡುಗಿ ಕೂತಿದ್ದಳು. ಅವಳೇ ಕೆಂಚಿ, ತಿಮ್ಮಯ್ಯನ ಮಗಳು. ಅಳುತ್ತಿರಲಿಲ್ಲ. ಕಂಬಳಿಯ ಒಂದು ಮೂಲೆಯನ್ನು ಮೂಗಿಗೆ ಒತ್ತಿಕೊಂಡು ನನ್ನನ್ನೇ ನೋಡುತ್ತಿದ್ದಳು.

ತಾಯಿ ಹಿಂದಿನ ವರ್ಷ ಜ್ವರದಲ್ಲಿ ತೀರಿಕೊಂಡಿದ್ದಳಂತೆ. ಅಂದಿನಿಂದ ಮಗು ಅಪ್ಪನ ಜೊತೆ ಹಿಂಡಿನ ಹಿಂದೆಯೇ ಊರೂರು ನಡೆಯುತ್ತಿತ್ತು. ಅವರ ಊರು ಹಿರಿಯೂರು ಕಡೆಯ ಹರಿಯಬ್ಬೆ. ಅಲ್ಲಿ ಇದ್ದದ್ದು ಕಣ್ಣು ಕಾಣದ ಅಜ್ಜಿಯೊಬ್ಬಳೇ. ತಿಮ್ಮಯ್ಯನ ತಮ್ಮ ಬಂದು ಉಳಿದ ಕುರಿಗಳನ್ನು ಹೊಡೆದುಕೊಂಡು ಹೊರಟ. ಮಗುವನ್ನು ಏನು ಮಾಡುವುದೆಂದು ಅವನಿಗೂ ತೋಚಲಿಲ್ಲ. "ನಾಕು ದಿನ ನಿಮ್ಮನೆಯಾಗೆ ಇರ್ಲಿ ಡಾಕ್ಟ್ರೇ" ಎಂದ. ಡಾಕ್ಟ್ರೇ ಎಂದ ಮೇಲೆ ಇಲ್ಲವೆನ್ನಲು ನನಗೆ ಬಾಯಿ ಬರಲಿಲ್ಲ. ಬೈಕಿನ ಮುಂದೆ ಕೂರಿಸಿಕೊಂಡು ಮನೆಗೆ ಬಂದೆ.

ವನಜ ಬಾಗಿಲಲ್ಲೇ ನಿಂತು ಪೂರ್ತಿ ಕೇಳಿಸಿಕೊಂಡಳು. "ನನ್ನನ್ನ ಒಂದು ಮಾತು ಕೇಳಬೇಕು ಅನ್ನಿಸಲಿಲ್ವಾ ನಿಮಗೆ?" ಎಂದಳು. ಆಮೇಲೆ ಮಗುವಿನ ತಲೆ ಒರೆಸಿ, ಬಿಸಿ ರಾಗಿಗಂಜಿ ಕೊಟ್ಟಳು.

ನಾಲ್ಕು ದಿನದ ಮಾತು ನಾಲ್ಕು ದಿನದಲ್ಲಿ ಮುಗಿಯಲಿಲ್ಲ. ಮಕ್ಕಳ ಕಚೇರಿಯಿಂದ ಇಬ್ಬರು ಹೆಣ್ಣುಮಕ್ಕಳು ಬಂದು ಮನೆ ನೋಡಿದರು, ತಿಮ್ಮಯ್ಯನನ್ನೂ ಕೇಳಿದರು. "ಡಾಕ್ಟ್ರ ಮನೆಯಾಗೇ ಇರ್ಲಿ" ಎಂದನಂತೆ ಅವನು. ಅವನು ಎದ್ದು ನಡೆದಾಡುವ ತನಕ ನಾವೇ ಸಾಕು ತಂದೆತಾಯಿ ಎಂದು ಕಾಗದವಾಯಿತು. ಸಂಕ್ರಾಂತಿಯ ಹೊತ್ತಿಗೆ ಅವನು ಎದ್ದಾನು ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಹದಿನಾಲ್ಕು ವರ್ಷ ಬೇಡಿದ್ದು ಆರು ತಿಂಗಳ ಗಡುವಿನ ಮೇಲೆ ಸಿಕ್ಕಿತ್ತು.

ಆದರೆ ಆ ಕಾಗದಕ್ಕೂ ಮುಂಚೆ, ಮಗು ಬಂದ ಎರಡನೆಯ ದಿನವೇ, ಆಗಬಾರದ್ದು ಆಗಿಹೋಗಿತ್ತು.

ಅಪ್ಪನನ್ನು ತೋರಿಸಿಕೊಂಡು ಬರೋಣವೆಂದು ನಾನು ಕೆಂಚಿಯನ್ನು ಚಿತ್ರದುರ್ಗಕ್ಕೆ ಕರೆದುಕೊಂಡು ಹೊರಟೆ. ಅವಳು ಕಂಬಳಿ ಹೊದ್ದೇ ಬಂದಳು. "ಆಸ್ಪತ್ರೆಯಾಗೆ ಇದನ್ನ ಬಿಡಲ್ಲ ಕಣಮ್ಮ. ಮನೆಯಾಗೇ ಇರ್ಲಿ, ಸಂಜೆಗೆ ಹಿಂಗೇ ಸಿಗ್ತೈತೆ" ಎಂದೆ. ಅವಳು ತುಂಬ ಹೊತ್ತು ಯೋಚಿಸಿ ಕಂಬಳಿಯನ್ನು ಮಡಚಿ ವನಜಳ ಕೈಗೆ ಕೊಟ್ಟಳು. "ನೋಡ್ಕಂತೀಯ?" ಎಂದು ಕೇಳಿದಳು. ವನಜ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಹೊಸಿಲಿಳಿಯುವಾಗ ನಾನು ಹೆಂಡತಿಗೆ ಮೆಲ್ಲಗೆ ಹೇಳಿದೆ: "ಅದರ ತುಂಬ ಉಣುಗು ಇರ್ತವೆ, ಕುರಿ ಮೈಮೇಲಿನವು. ಮನೆಯೆಲ್ಲ ಹರಡಿದರೆ ಕಷ್ಟ. ಕಪಾಟಿನಲ್ಲಿ ನನ್ನ ಔಷಧಿ ಐತೆ, ಬಿಸಿನೀರಿಗೆ ಎರಡು ಮುಚ್ಚಳ ಹಾಕಿ ಅದ್ದಿ ಚೆನ್ನಾಗಿ ತೊಳೆದುಬಿಡು."

ಈಗ ನೆನೆದರೂ ನಗು ಬರುತ್ತದೆ, ಸಂಕಟದ ನಗು. ಇಪ್ಪತ್ತು ವರ್ಷದಿಂದ ನಾನು ಹಟ್ಟಿಹಟ್ಟಿಯ ಹೆಂಗಸರಿಗೆ ಹೇಳಿಕೊಂಡು ಬಂದ ಪಾಠ ಒಂದೇ: ಹುಟ್ಟಿದ ಮರಿಯನ್ನು ತೊಳೆಯಬೇಡಿ, ತಾಯಿ ಗುರುತು ಹಿಡಿಯುವುದು ವಾಸನೆಯಿಂದ. ಆ ಪಾಠ ನನ್ನ ಮನೆಯ ಹೊಸಿಲಲ್ಲಿ ನನಗೇ ನೆನಪಾಗಲಿಲ್ಲ.

ಸಂಜೆ ಬಂದಾಗ ಹಿತ್ತಲ ತಂತಿಯ ಮೇಲೆ ಕಂಬಳಿ ಜೋತುಬಿದ್ದಿತ್ತು. ಬಿಸಿನೀರಿಗೆ ಸೊರಗಿ, ಗಂಜಿಯ ಬಿಗಿಯೆಲ್ಲ ಹೋಗಿ, ಮೆತ್ತಗಾಗಿತ್ತು. ವನಜ ಇಡೀ ದಿನ ಅದಕ್ಕೇ ಕೂತಿದ್ದಳು. ಔಷಧಿಗೆ ಅವಳ ಅಂಗೈ ಕೆಂಪಗೆ ಸುಲಿದುಹೋಗಿತ್ತು. ಕೈಗವಸು ಹಾಕಿಕೊಳ್ಳಬೇಕೆಂದು ನಾನು ಹೇಳಿರಲಿಲ್ಲ. ಆದರೂ ಅವಳ ಮುಖದಲ್ಲಿ ನಾನು ಎಷ್ಟೋ ವರ್ಷದಿಂದ ಕಾಣದ ಒಂದು ಗೆಲುವಿತ್ತು. "ಎಷ್ಟು ಚೆನ್ನಾಗಾಗೈತೆ ನೋಡು" ಎಂದು ಮಗುವನ್ನು ಕರೆದಳು.

ಕೆಂಚಿ ಓಡಿಹೋಗಿ ಕಂಬಳಿಯ ಮೂಲೆಗೆ ಮುಖವಿಟ್ಟಳು. ಬಿಟ್ಟು, ಇನ್ನೊಂದು ಮೂಲೆಗೆ ಹೋದಳು. ನಾಲ್ಕೂ ಮೂಲೆ ಮೂಸಿದಳು. ನಡುವೆಯೂ ಮೂಸಿದಳು. ಆಮೇಲೆ ತಿರುಗಿ ನಿಂತು, "ಅವ್ವ ಇಲ್ಲ" ಎಂದಳು.

ಅದು ಅವಳ ತಾಯಿ ಹೊದೆಯುತ್ತಿದ್ದ ಕಂಬಳಿ. ನಮಗೆ ಯಾರೂ ಹೇಳಿರಲಿಲ್ಲ, ನಾವು ಕೇಳಿರಲೂ ಇಲ್ಲ.

"ನಿನ್ನ ಕೈಯಾಗೆ ಕೊಟ್ಟಿದ್ದೆ" ಎಂದಳು ಕೆಂಚಿ, ವನಜಳನ್ನು ನೋಡಿ.

ವನಜ ನನ್ನ ಕಡೆ ನೋಡಿದಳು. ತೊಳೆಯಲು ಹೇಳಿದವನು ನಾನು ಎಂದು ನಾನೇ ಹೇಳಲಿ ಎಂದು ಕಾದಳು. ನನಗೆ ಅದು ಅರ್ಥವಾಯಿತು. ಅಷ್ಟರಲ್ಲಿ ಮಗು ಅಳುತ್ತಾ ಬಂದು ನನ್ನ ಕಾಲು ತಬ್ಬಿಕೊಂಡಿತು. ಹಾಗೆ ನನ್ನನ್ನು ಯಾರೂ ಯಾವತ್ತೂ ತಬ್ಬಿಕೊಂಡಿರಲಿಲ್ಲ. ನಾನು ಅವಳ ತಲೆ ಸವರುತ್ತಾ ಸುಮ್ಮನಿದ್ದೆ.

ಆ ಮಳೆಗಾಲ ನನಗೆ ನೆನಪಿರುವುದು ಮಂಜಿನೊಳಗೆ ನಡೆದ ಹಾಗೆ. ಶ್ರಾವಣದಲ್ಲಿ ಗುಡ್ಡದ ನೆತ್ತಿಗೆ ಮೋಡ ಇಳಿಯುತ್ತಿತ್ತು. ಅಲ್ಲಿ ಸಾಲಾಗಿ ನಿಂತ, ಕರೆಂಟು ತೆಗೆಯುವ ಗಾಳಿ ಯಂತ್ರಗಳ ಕಂಬ ಕಾಣುತ್ತಿರಲಿಲ್ಲ. ಬಿಳಿ ರೆಕ್ಕೆಯೊಂದು ಮೋಡದಿಂದ ಮೆಲ್ಲಗೆ ಇಳಿದು, ಹೊಲದ ಕಡೆ ಕೈಚಾಚಿ, ಮತ್ತೆ ಮೋಡದೊಳಗೆ ಹೋಗುತ್ತಿತ್ತು. ಬೈಕಿನ ಮುಂದೆ ಕೂತ ಕೆಂಚಿ ರೆಕ್ಕೆಗಳನ್ನು ಎಣಿಸುತ್ತಿದ್ದಳು. ಹತ್ತರ ಮುಂದೆ ಬಾರದೆ ಮತ್ತೆ ಒಂದರಿಂದ ಶುರು ಮಾಡುತ್ತಿದ್ದಳು. ಶಾಲೆ ಬಿಟ್ಟ ಮೇಲೆ, ರಜೆಯ ದಿನ, ನಾನು ಎಲ್ಲಿಗೆ ಹೋದರೂ ಅವಳು ಜೊತೆಗೆ. ಸಜ್ಜೆಯ ಹೊಲದ ನಡುವಿನ ಕೆಂಪು ದಾರಿ, ಹನಿ ಕೂತ ತೆನೆಗಳು, ಅವಳ ತಲೆಯ ಕೊಬ್ಬರಿ ಎಣ್ಣೆಯ ವಾಸನೆ. ಎಂಜಿನ್ನಿನ ಸದ್ದಿಗೆ ಅವಳು ತೂಕಡಿಸಿ ನನ್ನ ತೋಳಿಗೆ ಒರಗಿದರೆ ನಾನು ಗೇರು ಇಳಿಸಿ, ಮನೆ ದೂರ ಇದ್ದಷ್ಟೂ ಒಳ್ಳೆಯದೆಂದು ಸುತ್ತು ದಾರಿ ಹಿಡಿಯುತ್ತಿದ್ದೆ. ನನ್ನನ್ನು ಅವಳು ಡಾಕ್ಟ್ರಪ್ಪ ಎನ್ನುತ್ತಿದ್ದಳು. ಅದರ ಕೊನೆಯಲ್ಲಿದ್ದ 'ಅಪ್ಪ'ನಿಗೆ ನಾನು ಮರುಳಾಗಿದ್ದೆ.

ವನಜಳನ್ನು ಅವಳು ಯಾವ ಹೆಸರಿಂದಲೂ ಕರೆಯುತ್ತಿರಲಿಲ್ಲ. ನನ್ನ ಹತ್ತಿರ ಹೇಳುವಾಗ 'ಆಯಮ್ಮ'. ಅವಳು ಬಡಿಸಿದರೆ ತಟ್ಟೆಯನ್ನು ನನ್ನ ಮುಂದಕ್ಕೆ ಸರಿಸಿ, ನಾನು ಮುದ್ದೆ ಮುರಿದು ಕೊಟ್ಟರೆ ಉಣ್ಣುತ್ತಿದ್ದಳು. ಜಡೆ ಹಾಕಲು ವನಜ ಬಾಚಣಿಗೆ ತೆಗೆದುಕೊಂಡರೆ, ಬಾಚಣಿಗೆ ಇಸಿದುಕೊಂಡು ನನಗೆ ತಂದು ಕೊಡುತ್ತಿದ್ದಳು. ನಾನು ಹಗ್ಗ ಹೊಸೆದ ಹಾಗೆ ಜಡೆ ಹಾಕುತ್ತಿದ್ದೆ. ವನಜ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಅವಳಿಗೆ ಹೇಳ್ರಿ. ಒಂದೇ ಒಂದು ಮಾತು" ಎಂದಳು ಒಂದು ಮಧ್ಯಾಹ್ನ, ಮಗು ಶಾಲೆಯಲ್ಲಿದ್ದಾಗ.

"ಹೇಳ್ತೀನಿ. ಈಗ ತಾನೇ ಒಗ್ಗಿಕಂತಾ ಇದಾಳೆ, ಸ್ವಲ್ಪ ದಿನ ಹೋಗ್ಲಿ."

"ನಿಮಗೆ ಒಗ್ಗಿದಾಳೆ."

"ನೀನೇ ಹೇಳಬಹುದಲ್ಲ" ಎಂದೆ, ನಾಚಿಕೆಯಿಲ್ಲದೆ.

ವನಜ ನನ್ನನ್ನು ಅಪರಿಚಿತನನ್ನು ನೋಡಿದಂತೆ ನೋಡಿದಳು. "ಅಪ್ಪ ಆಸ್ಪತ್ರೆಯಾಗೆ, ಅವ್ವ ಮಣ್ಣಾಗೆ. ಆ ಮಗು ಹಿಡ್ಕಂಡಿರೋದು ನಿಮ್ಮೊಬ್ಬರನ್ನೇ. ಅದನ್ನೂ ನಾನು ಕಿತ್ಕಳ್ಲಾ? ನೀವು ಹೇಳಿದರೆ ಅವಳು ನಿಮ್ಮನ್ನ ಒಂದು ದಿನ ಬಯ್ಕಂಡು ಸುಮ್ಮನಾಗ್ತಾಳೆ. ನಾನು ಹೇಳಿದರೆ ಚಾಡಿ ಆಗ್ತೈತೆ." ಆಮೇಲೆ ಎದ್ದು ಹೋಗುತ್ತಾ ಹೇಳಿದಳು: "ಹದಿನಾಕು ವರ್ಷ ಇಬ್ಬರಿಗೂ ಇರಲಿಲ್ಲ, ಸಹಿಸ್ಕಂಡೆ. ಈಗ ನಿಮಗೆ ಮಗು ಐತೆ, ನನಗಿಲ್ಲ. ಇದನ್ನ ಹೆಂಗೆ ಸಹಿಸ್ಕಳೋದು ಹೇಳಿಕೊಡ್ರಿ."

ನಾನು ಹೇಳಿಕೊಡಲಿಲ್ಲ. ಹೇಳಬೇಕಾದದ್ದನ್ನೂ ಹೇಳಲಿಲ್ಲ. ಗೌರಿಹಬ್ಬ ಕಳೆಯಲಿ ಎಂದುಕೊಂಡೆ, ಆಮೇಲೆ ನವರಾತ್ರಿ. ನಮ್ಮಿಬ್ಬರ ಮಾತು ಸಕ್ಕರೆ ಮುಗಿದಿದೆ, ಗ್ಯಾಸು ಬಂದಿದೆ ಎಂಬಲ್ಲಿಗೆ ಇಳಿಯಿತು. ನವರಾತ್ರಿಗೆ ತವರಿಗೆ ಹೋದ ವನಜ ಹಬ್ಬ ಮುಗಿದರೂ ಬರಲಿಲ್ಲ. ಫೋನು ಮಾಡಿದರೆ, "ಸಂಕ್ರಾಂತಿಗೆ ಅವಳು ಹೋಗ್ತಾಳಲ್ಲ, ಆಮೇಲೆ ನಾನು ಬರಬೇಕೋ ಬ್ಯಾಡವೋ ನೋಡಾಣ" ಎಂದಳು. ಅದು ಕೋಪದ ಮಾತಾಗಿದ್ದರೆ ನಾನು ಹೆದರುತ್ತಿರಲಿಲ್ಲ. ಅವಳ ದನಿ ತಣ್ಣಗಿತ್ತು. ಹೊಳಲ್ಕೆರೆಗೆ ಹೋಗಿ, ಅವಳ ತಮ್ಮನ ಎದುರು ತಲೆ ತಗ್ಗಿಸಿ ಕೂತು, ದೀಪಾವಳಿಯ ಒಳಗೆ ಹೇಳುತ್ತೇನೆಂದು ಮಾತು ಕೊಟ್ಟು ಕರೆದುಕೊಂಡು ಬಂದೆ. ದೀಪಾವಳಿಯೂ ಕಳೆಯಿತು.

ಕುರಿಗಳು ಮರಿ ಹಾಕುವ ಕಾಲ ಬಂತು. ಒಂದು ಭಾನುವಾರ ಬೆಳಿಗ್ಗೆ ಊರಿಂದ ಎರಡು ಮೈಲಿ ದೂರದ ಹಟ್ಟಿಯಿಂದ ಕರೆ ಬಂತು. ತಾಯಿಕುರಿ ಮರಿಯನ್ನು ಹತ್ತಿರ ಸೇರಿಸುತ್ತಿಲ್ಲವಂತೆ. ಕೆಂಚಿಯನ್ನೂ ಕರೆದುಕೊಂಡು ಹೋದೆ. ಮಂಜು ಇನ್ನೂ ಏಳುತ್ತಿತ್ತು. ಮರಿ ಹಾಲಿಗೆಂದು ಮುಂದೆ ಹೋದಾಗಲೆಲ್ಲ ಕುರಿ ತಲೆಯಲ್ಲಿ ಗುಮ್ಮಿ ಕೆಡವುತ್ತಿತ್ತು. ಮರಿಯ ಮೈ ಮಲ್ಲಿಗೆಯಷ್ಟು ಬೆಳ್ಳಗಿತ್ತು. ಹೊಸದಾಗಿ ಬಂದ ಸೊಸೆ, ಕೆಸರಲ್ಲಿ ಬಿದ್ದಿದೆ ಪಾಪ ಎಂದು ಬಿಸಿನೀರಲ್ಲಿ ತೊಳೆದು ಒರೆಸಿದ್ದಳು.

ನಾನು ಎಂದಿನ ಗತ್ತಿನಲ್ಲಿ ಶುರು ಮಾಡಿದೆ. "ಯಾರಮ್ಮ ತೊಳಿ ಅಂದಿದ್ದು? ವಾಸನೆ ಹೋದ್ರೆ ತಾಯಿಗೆ ಹೆಂಗೆ ಗುರ್ತು ಸಿಗಬೇಕು? ಕುರಿ ಹಟ್ಟಿಯಾಗಿದ್ದು ಇಷ್ಟೂ ಗೊತ್ತಿಲ್ವಾ?"

ಆ ಹುಡುಗಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನೆಲ ನೋಡಿದಳು. ಕೆಂಚಿಗೆ ಅವಳ ಮೇಲೆ ಕನಿಕರ ಬಂತೇನೋ. "ಬೈಬ್ಯಾಡ ಡಾಕ್ಟ್ರಪ್ಪ" ಎಂದಳು. "ನಮ್ಮನೆ ಆಯಮ್ಮಂಗೂ ಗೊತ್ತಿಲ್ಲ. ಅವಳೂ ತೊಳ್ದುಬಿಟ್ಟಳು."

ಗದರುವುದನ್ನು ಅಲ್ಲಿಗೇ ಬಿಟ್ಟೆ. ಬಗ್ಗಿ ಕೆಲಸ ಮಾಡಿದೆ. ಕುರಿಯ ಹಾಲನ್ನು ಅಂಗೈಗೆ ಹಿಂಡಿಕೊಂಡು ಮರಿಯ ಬೆನ್ನಿಗೆ, ಬಾಲದ ಬುಡಕ್ಕೆ ಸವರಿದೆ. ತಾಯಿಕುರಿಯ ಮೂಗಿಗೂ ಅದೇ ಹಾಲು ಹಚ್ಚಿದೆ. ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದ ಮೇಲೆ ಕುರಿ ಮರಿಯನ್ನು ಮೂಸಿತು. ಅನುಮಾನದಿಂದ ಇನ್ನೊಮ್ಮೆ ಮೂಸಿತು. ಆಮೇಲೆ ಗುಮ್ಮಲಿಲ್ಲ, ನಿಂತುಕೊಂಡಿತು. ಮರಿ ಬಾಲ ಅಲ್ಲಾಡಿಸುತ್ತಾ ಕುಡಿಯತೊಡಗಿತು. ಅದನ್ನು ನೋಡುತ್ತಾ ಕೂತಲ್ಲೇ ಹೇಳಿದೆ:

"ಕೆಂಚಿ, ಕಂಬಳಿ ತೊಳಿ ಅಂದಿದ್ದು ನಾನು. ಆಯಮ್ಮಂಗೆ ನಾನೇ ಹೇಳಿದ್ದು."

"ಸುಳ್ಳು" ಎಂದಳು.

"ದಿಟ. ಔಷಧಿನೂ ನಂದೇ."

ಅವಳು ನನ್ನ ಮುಖವನ್ನು ನೋಡಿದಳು. ಎದ್ದು ಊರಿನ ದಾರಿ ಹಿಡಿದು ನಡೆದೇ ಹೊರಟಳು. ಬೈಕು ಹತ್ತಿಸಲು ಹೋದರೆ ಕೈ ಕೊಡವಿದಳು. ಎಂಜಿನ್ನು ಆರಿಸಿ, ಬೈಕು ತಳ್ಳಿಕೊಂಡು, ಆರು ವರ್ಷದ ಹುಡುಗಿಯ ಹಿಂದೆ ಎರಡು ಮೈಲಿ ನಡೆದೆ. ಮಂಜು ಹರಿದು ಗುಡ್ಡದ ಮೇಲೆ ಗಾಳಿ ಯಂತ್ರಗಳೆಲ್ಲ ಒಂದೊಂದಾಗಿ ಕಂಡವು. ಅವಳು ಒಂದನ್ನೂ ಎಣಿಸಲಿಲ್ಲ. ದಾರಿಯುದ್ದಕ್ಕೂ ನನ್ನ ಎದೆಯಲ್ಲಿ ಎಂಥದೋ ಕಳಚಿ ಬೀಳುತ್ತಿತ್ತು, ಆದರೆ ಉಸಿರು ಮಾತ್ರ ಸಲೀಸಾಗಿ ಆಡುತ್ತಿತ್ತು.

ವನಜ ಹಿತ್ತಲಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಕೆಂಚಿ ಹೋಗಿ ಅವಳ ಮುಂದೆ ನಿಂತಳು.

"ತೊಳಿ ಅಂದಿದ್ದು ಡಾಕ್ಟ್ರಂತೆ."

"ಹ್ಞೂಂ."

"ಮತ್ತೆ ನೀನ್ಯಾಕೆ ಹೇಳಲಿಲ್ಲ?"

ವನಜ ಕೈಯಲ್ಲಿದ್ದ ಕಾಯಿ ಕೆಳಗಿಟ್ಟು, "ತೊಳೆದಿದ್ದು ನನ್ನ ಕೈನೇ ಅಲ್ವಾ" ಎಂದಳು. "ನೀನು ನನ್ನ ಕೈಗೆ ಕೊಟ್ಟಿದ್ದೆ. ನಾನು ನಿನ್ನ ಒಂದು ಮಾತು ಕೇಳಬೇಕಿತ್ತು."

ಕೆಂಚಿ ಆ ಕೈಗಳನ್ನು ನೋಡಿದಳು. ಸುಲಿದ ಅಂಗೈ ಮಾಗಿ, ಅಲ್ಲಲ್ಲಿ ಬೆಳ್ಳನೆಯ ಕಲೆ ಉಳಿದಿತ್ತು. ಪಕ್ಕದಲ್ಲಿ ಕೂತು ಒಂದು ಅವರೆಕಾಯಿ ತೆಗೆದುಕೊಂಡು ಸುಲಿಯತೊಡಗಿದಳು. ಆದದ್ದು ಅಷ್ಟೇ. ಆ ದಿನದಿಂದ ನಾನು ಡಾಕ್ಟ್ರಪ್ಪ ಹೋಗಿ ಬರೀ ಡಾಕ್ಟ್ರಾದೆ, ಹದಿನೈದು ದಿನದ ಮೇಲೆ ಆಯಮ್ಮ ವನಜವ್ವ ಆದಳು.

ಕಂಬಳಿಗೆ ಮತ್ತೆ ಗಂಜಿ ಹಾಕಬೇಕೆಂದು ಕೆಂಚಿಯೇ ಹೇಳಿದಳು. ಹಟ್ಟಿಯ ಮುದುಕಿಯೊಬ್ಬಳನ್ನು ಕೇಳಿಕೊಂಡು ಬಂದು, ವನಜ, ಕೆಂಚಿ ಇಬ್ಬರೂ ಹುಣಸೆ ಬೀಜ ಹುರಿದರು, ಸಿಪ್ಪೆ ತೆಗೆದರು, ನೆನೆಹಾಕಿ ರುಬ್ಬಿ ಕಾಯಿಸಿದರು. ಮನೆಯೆಲ್ಲ ಅದರದೇ ಘಾಟು. ಅಂಗಳದಲ್ಲಿ ಕಂಬಳಿ ಹರಡಿ, ಮೊಳಕೈವರೆಗೆ ಗಂಜಿ ಬಳಿದುಕೊಂಡು, ಒಬ್ಬರ ಮುಖ ಇನ್ನೊಬ್ಬರು ನೋಡಿ ನಗುತ್ತಿದ್ದರು. ನಾನು ಜಗುಲಿಯ ಮೇಲೆ ಕೂತಿದ್ದೆ. ನನ್ನನ್ನು ಯಾರೂ ಕರೆಯಲಿಲ್ಲ. ಹೊಟ್ಟೆಯುರಿ ಆಗಲಿಲ್ಲವೆಂದರೆ ಸುಳ್ಳಾದೀತು. ವನಜ ಐದು ತಿಂಗಳು ಬಾಗಿಲಲ್ಲಿ ನಿಂತು ನೋಡಿದ್ದನ್ನು ನಾನು ಐದು ವಾರ ಜಗುಲಿಯಲ್ಲಿ ಕೂತು ನೋಡಿದೆ. ಮಾರ್ಗಶಿರದ ಬೆಳಗುಗಳಲ್ಲಿ ಅವರಿಬ್ಬರೂ ಒಂದೇ ಕಂಬಳಿ ಹೊದ್ದು ಬಿಸಿಲು ಕಾಯಿಸುತ್ತಾ ಕೂತಿರುತ್ತಿದ್ದರು. ಜಡೆ ನೀಟಾಗಿರುತ್ತಿತ್ತು.

ಸಂಕ್ರಾಂತಿ ಕಳೆದ ಮೂರನೇ ದಿನ ತಿಮ್ಮಯ್ಯ ಕೋಲೂರಿಕೊಂಡು ಬಂದ. ಅವನ ಕೈಯಲ್ಲಿ ನಮಗೆಂದು ಒಂದು ಸೇರು ಬೆಣ್ಣೆಯಿತ್ತು. "ಬರ್ರಿ, ಕುಂತ್ಕಳ್ರಿ" ಎಂದು ವನಜ ಚಾಪೆ ಹಾಸಿದಳು. ಊಟವಾಯಿತು. ಹಿರಿಯೂರಿನ ಕಡೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ವನಜ ಮಗುವಿನ ಬಟ್ಟೆಗಳನ್ನು ಚೀಲಕ್ಕೆ ತುಂಬಿ, ಮೇಲೆ ಕಂಬಳಿ ಇಟ್ಟಳು. ಕೆಂಚಿ ಅದನ್ನು ಹೊರಗೆ ತೆಗೆದಳು.

"ವನಜವ್ವ, ಇದನ್ನ ಒಂದು ಗಳಿಗೆ ಹೊದ್ಕಂಡು ಕೊಡು" ಎಂದಳು.

ವನಜಳಿಗೆ ಮೊದಲು ಅರ್ಥವಾಗಲಿಲ್ಲ. ಮಗು ತಾನೇ ಅವಳನ್ನು ಹೊಸಿಲ ಮೇಲೆ ಕೂರಿಸಿ, ನಡುಮಧ್ಯಾಹ್ನದ ಬಿಸಿಲಲ್ಲಿ, ತಲೆಯಿಂದ ಕಾಲತನಕ ಹೊದಿಸಿತು. ಎರಡೂ ಅಂಚು ಎಳೆದು ಗದ್ದದ ಕೆಳಗೆ ಕೂಡಿಸಿ ಹಿಡಿದುಕೊಂಡು ನಿಂತಿತು. ಕಂಬಳಿಯ ಒಳಗೆ ವನಜಳ ಭುಜ ಅಲುಗುತ್ತಿತ್ತು. ನಾನು ತಡೆಯಲಾರದೆ ಹತ್ತಿರ ಹೋದೆ.

"ಡಾಕ್ಟ್ರಿಗೆ ಬ್ಯಾಡ" ಎಂದಳು ಕೆಂಚಿ. "ಔಷಧಿ ವಾಸನೆ ಬರ್ತೈತೆ."

ಅಳುತ್ತಿದ್ದ ವನಜ ನಕ್ಕುಬಿಟ್ಟಳು. ಎಷ್ಟೋ ತಿಂಗಳ ಮೇಲೆ ನನ್ನ ಮುಖ ನೋಡಿ ನಕ್ಕಳು. ಕಂಬಳಿಯ ಒಂದು ಅಂಚನ್ನು ಎತ್ತಿ, "ಇರ್ಲಿ ಬಿಡವ್ವ, ಆ ವಾಸನೆನೂ ಸೊಲ್ಪ ಇರ್ಲಿ. ಬರ್ರಿ" ಎಂದಳು. ನಾನು ಅವಳ ಪಕ್ಕ ಹೊಸಿಲ ಮೇಲೆ ಕೂತೆ. ಒಳಗೆ ಕತ್ತಲು, ಬಿಸಿ, ಉಸಿರು ಕಟ್ಟುವ ಘಾಟು. ವನಜಳ ಒರಟು ಅಂಗೈ ನನ್ನ ಕೈಯನ್ನು ಹುಡುಕಿ ಹಿಡಿದುಕೊಂಡಿತು. ಹೊರಗೆ ಕೆಂಚಿ ಒಂದರಿಂದ ಹತ್ತರವರೆಗೆ ಎಣಿಸುತ್ತಿದ್ದಳು, ಮತ್ತೆ ಒಂದರಿಂದ ಶುರು ಮಾಡುತ್ತಿದ್ದಳು.

ಕೆಂಚಿ ಈಗ ಹಿರಿಯೂರಿನ ಹಾಸ್ಟೆಲಿನಲ್ಲಿದ್ದುಕೊಂಡು ಓದುತ್ತಿದ್ದಾಳೆ. ಭಾನುವಾರ ವನಜಳಿಗೆ ಫೋನು ಮಾಡುತ್ತಾಳೆ, ಕೊನೆಯಲ್ಲಿ, "ಡಾಕ್ಟ್ರು ಚೆನ್ನಾಗವ್ರಾ?" ಎಂದು ಕೇಳುತ್ತಾಳಂತೆ. ಟೀ ಅಂಗಡಿಯ ತಗಡಿನ ಕೆಳಗೆ ನಿಂತಾಗ ನನಗೆ ಕಣ್ಣಿಗೆ ಕಟ್ಟಿದ್ದು ಮಾತ್ರ ಆ ಮಧ್ಯಾಹ್ನದ ಕೊನೆಯ ಗಳಿಗೆ.

"ಸಾಕು ಕೊಡ್ರಿ" ಎಂದು ಕೆಂಚಿ ಕಂಬಳಿ ಎಳೆದುಕೊಂಡಳು. ತಿಮ್ಮಯ್ಯ ಕೋಲು ಹಿಡಿದು ಎದ್ದು ನಿಂತಿದ್ದ. ಕೆಂಚಿ ಕಂಬಳಿಯ ಒಂದು ಮೂಲೆಗೆ ಮುಖವಿಟ್ಟಳು. ಬಿಟ್ಟು, ಇನ್ನೊಂದು ಮೂಲೆಗೆ ಇಟ್ಟಳು. ವನಜ ಉಸಿರು ಹಿಡಿದು ನೋಡುತ್ತಿದ್ದಳು. ನಾಲ್ಕೂ ಮೂಲೆ ಮುಗಿದ ಮೇಲೆ ಕೆಂಚಿ ತಲೆಯೆತ್ತಿ ವನಜಳನ್ನು ನೋಡಿದಳು.

"ಅದಾಳೆ" ಎಂದಳು. ಕಂಬಳಿಯನ್ನು ಕೊಪ್ಪೆ ಹಾಕಿಕೊಂಡು ಅಪ್ಪನ ಹಿಂದೆ ನಡೆದಳು.